ದಾನಶ್ರೇಷ್ಠಿ ಸೇಠ ಪ್ರೇಮಚಂದ ರಾಯಚಂದರು

ಬಸದಿಯ ಪ್ರತಿಷ್ಠೆಯಂತಹ ಮಂಗಲಕಾರ್ಯ ನಡೆಯುವಾಗ ಹಿಂದಿನ ದಾನಿಗಳನ್ನು ಸ್ಮರಿಸುವುದು ನಮ್ಮ ಸಮಾಜದಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, 1007ರಲ್ಲಿ ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಅರಿಯದ ಜೈನ ಮನೆ ಕರ್ನಾಟಕದಲ್ಲಿ ವಿರಳ. ಆ ಮಹಾಸತಿ ತೋರಿದ ಶಾಸ್ತ್ರದಾನದ ಮಾರ್ಗದಲ್ಲಿ ಎಂಟೂವರೆ ಶತಮಾನಗಳ ತರುವಾಯ ನಡೆದವರಲ್ಲಿ ಮುಂಬಯಿಯ ಸೇಠ ಪ್ರೇಮಚಂದ ರಾಯಚಂದರು ಒಬ್ಬರು. ಅವರು ಶ್ವೇತಾಂಬರ ಆಮ್ನಾಯದವರು, ಗುಜರಾತಿನವರು. ಆದರೂ ಅವರ ಕೈಯಲ್ಲಿ ಹರಿದಾಡಿದ ಸಂಪತ್ತಿನಲ್ಲಿ ನಮ್ಮ ಧಾರವಾಡ ಸೀಮೆಯ ಎರೆಹೊಲಗಳ ಹತ್ತಿಯ ಪಾಲೂ ಇದ್ದುದರಿಂದ, ಅವರ ಜೀವನಚರಿತ್ರೆ ನಮಗೆ ತೀರ ಹೊರಗಿನದಲ್ಲ.

ಪ್ರೇಮಚಂದರು 1831ರಲ್ಲಿ ಸೂರತ್ತಿನ ಓಸವಾಲ ಜೈನ ಮನೆತನವೊಂದರಲ್ಲಿ ಜನಿಸಿದರು. ತಂದೆ ರಾಯಚಂದ ದೀಪಚಂದರು ವ್ಯಾಪಾರಕ್ಕಾಗಿ ಸಂಸಾರಸಮೇತ ಮುಂಬಯಿಗೆ ಬಂದು ನೆಲೆಸಿದರು. ಬಾಲಕನಿಗೆ ಅಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸ ದೊರೆಯಿತು. ಆ ದಿನಗಳಲ್ಲಿ ಷೇರು ದಲ್ಲಾಳಿಗಳ ಪೈಕಿ ಇಂಗ್ಲಿಷನ್ನು ಓದಿ, ಬರೆದು, ಮಾತನಾಡಬಲ್ಲ ಭಾರತೀಯರು ಇಲ್ಲವೆನ್ನುವಷ್ಟು ಕಡಿಮೆ. ಇಪ್ಪತ್ತರ ಹೊತ್ತಿಗೆ ದಲ್ಲಾಳಿ ವೃತ್ತಿಗೆ ಇಳಿದ ಈ ತರುಣರಿಗೆ ಯುರೋಪಿಯನ್ ವ್ಯಾಪಾರಿಗಳ ಕೋಠಿಗಳ ಬಾಗಿಲು ಬೇಗನೆ ತೆರೆಯಿತು. ಇಡೀ ದಿನದ ಕೊಡು-ಕೊಳ್ಳುವ ಲೆಕ್ಕವನ್ನು ಕಾಗದ-ಲೇಖನಿಗಳ ಸಹಾಯವಿಲ್ಲದೆ ನೆನಪಿನಲ್ಲಿಯೇ ಇಟ್ಟುಕೊಳ್ಳುತ್ತಿದ್ದರೆಂದು ಅವರ ಬಗ್ಗೆ ಹೇಳುವುದುಂಟು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಸಂಸ್ಥಾನಗಳ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದ್ದರಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಎಲ್ಲರ ದೃಷ್ಟಿಯೂ ಹಿಂದೂಸ್ಥಾನದ ಮೇಲೆ ಬಿತ್ತು. 1840ರ ದಶಕದಿಂದಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಲಾಗಿತ್ತು; ಧಾರವಾಡ-ಅಮೆರಿಕನ್ ಎಂಬ ಹೆಸರಿನ ಆ ಹತ್ತಿಗೆ ಪೇಟೆಯಲ್ಲಿ ಒಳ್ಳೆಯ ಬೆಲೆಯಿತ್ತು. ಹುಬ್ಬಳ್ಳಿ, ಗದಗ ಕಡೆಯ ಅಂಡಿಗೆಗಳು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿದ್ದವು. ನಮ್ಮ ನಾಡಿನ ಜವಾರಿ ಹತ್ತಿಗೆ ವ್ಯಾಪಾರದಲ್ಲಿ ಕುಮಟಾ ಎಂಬ ಹೆಸರೇ ನಿಂತುಹೋದದ್ದು ಈ ಬಂದರಿನಿಂದಾಗಿ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ಸಾಗಿಸುವ ಹವಣಿಕೆಯೇ ಇತ್ತು.

ಬೆಲೆ ಹಲವು ಪಟ್ಟು ಏರಿತು, ಮುಂಬಯಿಗೆ ಬೆಳ್ಳಿ-ಬಂಗಾರ ಹರಿದುಬಂದಿತು. ಆ ಹಣಕ್ಕೆ ಹೊಲ-ಮನೆಗಳಲ್ಲಿ ನೆಲೆ ಸಿಗದೆ ಅದು ಷೇರುಗಳ ಕಡೆಗೆ ತಿರುಗಿತು. ದಿನಕ್ಕೊಂದು ಹೊಸ ಬ್ಯಾಂಕು, ಹೊಸ ಕಂಪನಿ. ಸಮುದ್ರವನ್ನು ಹೂಳಿ ನೆಲ ಮಾಡುವುದಾಗಿ ಹೊರಟ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000ದವರೆಗೆ ಹೋಯಿತು. 500 ರೂಪಾಯಿಯ ಬ್ಯಾಂಕ್ ಆಫ್ ಬಾಂಬೆಯ ಷೇರು 2,850ನ್ನು ಮುಟ್ಟಿತು. ಈ ಎಲ್ಲ ಚಟುವಟಿಕೆಯ ನಡುಗಂಬವಾಗಿ ನಿಂತವರು ಪ್ರೇಮಚಂದರು. ಏಷಿಯಾಟಿಕ್ ಬ್ಯಾಂಕಿಂಗ್ ಕಾರ್ಪೊರೇಷನ್ ಮುಖ್ಯವಾಗಿ ಅವರ ಪ್ರಭಾವದಲ್ಲಿತ್ತು. ಬ್ಯಾಂಕ್ ಆಫ್ ಬಾಂಬೆಯ ಅಧಿಕಾರಿಗಳಂತೂ ಅವರು ಹೇಳಿದವರಿಗೆ ಸಾಲ ಕೊಡುತ್ತಿದ್ದರು. ಷೇರು ಹಂಚಿಕೆಯ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಸೇರಿಸಬೇಕೆಂದು ಬೇಡುತ್ತ ಜನರು, ಯುರೋಪಿಯನ್ನರೂ ಸೇರಿ, ಅವರ ಮನೆಯ ಮುಂದೆ ಕಾಯುತ್ತಿದ್ದ ಕಾಲವದು. ಅವರಿಗೆ ಆಗ ಮೂವತ್ತಮೂರು ವರ್ಷ.

ಈ ಉಚ್ಛ್ರಾಯದ ಕಾಲದಲ್ಲಿಯೇ ಅವರು ತಮ್ಮ ಹೆಸರನ್ನು ಉಳಿಸುವ ದಾನವನ್ನು ಮಾಡಿದರು. 1864ರಲ್ಲಿ, ಸ್ಥಾಪನೆಯಾಗಿ ಏಳೇ ವರ್ಷವಾಗಿದ್ದ, ಸ್ವಂತ ಕಟ್ಟಡವೂ ಇರದಿದ್ದ ಮುಂಬಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯವೊಂದನ್ನು ಕಟ್ಟಲೆಂದು ಎರಡು ಲಕ್ಷ ರೂಪಾಯಿ ಕೊಟ್ಟರು. ಕೆಲವೇ ವಾರಗಳ ನಂತರ, ಅದಕ್ಕೆ ಹೊಂದಿಕೊಂಡು ಗಡಿಯಾರದ ಗೋಪುರವೊಂದು ಏಳಬೇಕೆಂದು ಮತ್ತೆ ಎರಡು ಲಕ್ಷ ನೀಡಿ, ಗೋಪುರಕ್ಕೆ ತಮ್ಮ ತಾಯಿ ರಾಜಾಬಾಯಿಯವರ ಹೆಸರಿಡಬೇಕೆಂದು ಕೋರಿದರು. ಕಲ್ಕತ್ತೆಯ ವಿಶ್ವವಿದ್ಯಾಲಯಕ್ಕೂ ಅವರಿಂದ ಎರಡು ಲಕ್ಷ ಸಂದಿತು. ಅಹಮದಾಬಾದಿನ ಶಿಕ್ಷಕರ ತರಬೇತಿ ಕಾಲೇಜು ಅವರ ಹೆಸರನ್ನೇ ಹೊತ್ತಿತು. ಧರ್ಮಶಾಲೆಗಳಿಗೂ ಶಾಲೆಗಳಿಗೂ ಅವರು ಕೊಟ್ಟದ್ದು ಬಹಳ. ಕಲ್ಕತ್ತೆಯಲ್ಲಿ ಅವರ ಬಂಧುಗಳಿರಲಿಲ್ಲ, ಸ್ವಜಾತಿಯ ವಿದ್ಯಾರ್ಥಿಗಳಿಗೆ ಮಾತ್ರ ಎಂಬ ಕಟ್ಟಳೆಯನ್ನು ಅವರು ಹಾಕಲಿಲ್ಲ. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು.

ರಾಜಾಬಾಯಿಯವರ ಬಗ್ಗೆ ಒಂದು ಕಥೆ ಜನಜನಿತವಾಗಿದೆ. ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ; ರಾತ್ರಿಭೋಜನ ತ್ಯಾಗದ ವ್ರತವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಆ ತಾಯಿಗೆ ಸೂರ್ಯಾಸ್ತಕ್ಕೆ ಮುಂಚೆ ಯಾರ ನೆರವೂ ಇಲ್ಲದೆ ಹೊತ್ತು ತಿಳಿಯಲೆಂದು ಮಗ ಗಂಟೆ ಬಾರಿಸುವ ಗೋಪುರವನ್ನು ಕಟ್ಟಿಸಿದನಂತೆ. ಕೇಳಲು ಬಲು ಸೊಗಸಾದ ಕಥೆ. ಆದರೆ ಗೋಪುರ ಪೂರ್ಣಗೊಂಡದ್ದು ದಾನ ಕೊಟ್ಟ ಹದಿನಾಲ್ಕು ವರ್ಷಗಳ ಮೇಲೆ. ಕೋಟೆ ಭಾಗದ ಗಂಟೆ ಪ್ರೇಮಚಂದರ ನಿವಾಸವಿದ್ದ ಭಾಯಖಳಾದವರೆಗೆ ಕೇಳಿಸೀತೇ ಎಂಬುದೂ ಸಂಶಯ. ಕಥೆಯನ್ನು ಕಥೆಯೆಂದೇ ಇಟ್ಟುಕೊಂಡರೂ ಮಾತೃಭಕ್ತಿಗೆ ಕೊರತೆಯಾಗದು.

1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಶರಣಾದರು, ಯುದ್ಧ ಮುಗಿಯಿತು. ಅಮೆರಿಕದ ಹತ್ತಿ ಮತ್ತೆ ಬರುವುದೆಂಬ ಸುದ್ದಿಗೇ ಬೆಲೆ ಕುಸಿಯಿತು. ವಾಯಿದೆ ಕರಾರುಗಳನ್ನು ಚುಕ್ತಾ ಮಾಡಬೇಕಾಗಿದ್ದ ದಿನ ಜುಲೈ 1. ಕೊಡಬೇಕಾದವರ ಕೈಯಲ್ಲಿ ಕಾಗದದ ಷೇರುಗಳಲ್ಲದೆ ಬೇರೇನೂ ಇರಲಿಲ್ಲ. ಒಬ್ಬನು ಬಿದ್ದರೆ ಅವನನ್ನು ನಂಬಿದ್ದ ಹತ್ತು ಮಂದಿ ಬಿದ್ದರು. ಬ್ಯಾಕ್ ಬೇ ಷೇರು 2,000ಕ್ಕಿಂತ ಕೆಳಗಿಳಿಯಿತು, ಬ್ಯಾಂಕ್ ಆಫ್ ಬಾಂಬೆಯದು 87ಕ್ಕೆ. ಪ್ರೇಮಚಂದರೂ ದಿವಾಳಿಯಾದರು, ಅವರ ಐಶ್ವರ್ಯ ಸಾಲ ಕೊಟ್ಟವರ ಪಾಲಾಯಿತು. 1868ರಲ್ಲಿ ಆ ಬ್ಯಾಂಕೇ ಮುಚ್ಚಿತು. ಸರಕಾರ ವಿಚಾರಣಾ ಆಯೋಗವನ್ನು ನೇಮಿಸಿತು. ಸರಿಯಾದ ಜಾಮೀನಿಲ್ಲದೆ ಷೇರುಗಳ ಮೇಲೆ ಕೊಟ್ಟ ಸಾಲಗಳೂ, ಬ್ಯಾಂಕಿನ ಆಡಳಿತದ ಮೇಲೆ ಪ್ರೇಮಚಂದರಿಗಿದ್ದ ಅತಿಯಾದ ಪ್ರಭಾವವೂ ಅಲ್ಲಿ ಬಯಲಾದವು.

ಗಣ್ಯರ ಚರಿತ್ರೆ ಬರೆಯುವವರು ಈ ಭಾಗವನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ಹಾಗೆ ದಾಟುವುದು ಸರಿಯಲ್ಲ. ಶ್ರಾವಕನಿಗೆ ವಿಧಿಸಿದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಇಷ್ಟು ಸಾಕು ಎಂದು ಗೃಹಸ್ಥನು ತನಗೆ ತಾನೇ ಹಾಕಿಕೊಳ್ಳುವ ಗೆರೆ ಅದು. ಆ ನಾಲ್ಕು ವರ್ಷಗಳಲ್ಲಿ ಮುಂಬಯಿಯಲ್ಲಿ ಯಾರೂ ಆ ಗೆರೆಯನ್ನು ಎಳೆದುಕೊಳ್ಳಲಿಲ್ಲ, ಪ್ರೇಮಚಂದರು ಸಹ. ಅವರ ಮಾತನ್ನು ನಂಬಿ ಷೇರು ಕೊಂಡು ಮನೆಮಾರು ಕಳೆದುಕೊಂಡ ಸಂಸಾರಗಳಿಗೆ ಅವರ ದಾನದಿಂದ ಸಮಾಧಾನ ದೊರೆಯಲಾರದು. ಹತ್ತಿಯ ಬೆಲೆ ಇಳಿದಾಗ ಧಾರವಾಡದ ರೈತನೂ ಪೆಟ್ಟು ತಿಂದನು. ದಾನಿಯ ಗುಣವನ್ನು ಹೇಳುವಾಗ ಇದನ್ನೂ ಜೊತೆಯಲ್ಲಿಯೇ ಹೇಳಬೇಕು.

ಅನಂತರ ಅವರು ನಲವತ್ತು ವರ್ಷ ಬದುಕಿದರು. ಅಪಮಾನದಿಂದ ಊರು ಬಿಡಲಿಲ್ಲ, ವೃತ್ತಿ ಬಿಡಲಿಲ್ಲ. ಯಾವ ಪೇಟೆಯಲ್ಲಿ ಅರಸನಂತಿದ್ದರೋ ಅದೇ ಪೇಟೆಯಲ್ಲಿ ಸಾಮಾನ್ಯ ದಲ್ಲಾಳಿಯಾಗಿ ಮತ್ತೆ ಕುಳಿತು ಮಿತವಾದ ವ್ಯವಹಾರವನ್ನು ಕಟ್ಟಿಕೊಂಡರು. 1875ರಲ್ಲಿ ದಲ್ಲಾಳಿಗಳು ಕೂಡಿ ಮುಂಬಯಿಯ ಷೇರುಪೇಟೆಯ ಸಂಘವನ್ನು ಸ್ಥಾಪಿಸಿದಾಗ ಸಂಸ್ಥಾಪಕರ ಸಾಲಿನಲ್ಲಿ ಪ್ರೇಮಚಂದರ ಹೆಸರಿತ್ತು. ಬಿದ್ದವರು ಮತ್ತೆ ಎದ್ದು ನಿಲ್ಲಲು ಬೇಕಾದ ಈ ಸ್ಥೈರ್ಯ, ನನ್ನ ದೃಷ್ಟಿಯಲ್ಲಿ, 1864ರ ಸಂಪತ್ತಿಗಿಂತ ಹಿರಿದು.

ಅತ್ತ ವಿಶ್ವವಿದ್ಯಾಲಯದ ಸ್ವತ್ತಾಗಿದ್ದ ದಾನದ ಹಣಕ್ಕೆ ಏನೂ ಆಗಿರಲಿಲ್ಲ. ಲಂಡನ್ನಿನ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಮುಂಬಯಿಗೆ ಬಾರದೆಯೇ ನಕ್ಷೆ ಬರೆದು ಕಳುಹಿಸಿದನು. 1869ರ ಮಾರ್ಚ್ 1ರಂದು ಅಸ್ತಿಭಾರ ಬಿದ್ದು, 1878ರ ನವೆಂಬರಿನಲ್ಲಿ 280 ಅಡಿಯ ಗೋಪುರ ಮುಗಿಯಿತು. ಕೋಟಿಗಳನ್ನು ಕಳೆದುಕೊಂಡವರು ತಮ್ಮ ತಾಯಿಯ ಹೆಸರಿನ ಗೋಪುರ ನೆಲದಿಂದ ಏಳುವುದನ್ನು ಒಂಬತ್ತು ವರ್ಷ ಅದೇ ಊರಿನಲ್ಲಿದ್ದು ಕಂಡರು. 2018ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮುಂಬಯಿಯ ಕಟ್ಟಡಗಳ ಸಮೂಹದಲ್ಲಿ ಈ ಗ್ರಂಥಾಲಯವೂ ಗೋಪುರವೂ ಸೇರಿವೆ. ಕಲ್ಕತ್ತೆಯಲ್ಲಿ 1868ರಿಂದ ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನ ಆರಂಭವಾಗಿ ಆ ವಿಶ್ವವಿದ್ಯಾಲಯದ ಅತ್ಯುಚ್ಚ ಗೌರವವೆನಿಸಿತು. ಆಶುತೋಷ ಮುಖರ್ಜಿ, ಇತಿಹಾಸಕಾರರಾದ ಜದುನಾಥ ಸರ್ಕಾರ್ ಮತ್ತು ರಮೇಶಚಂದ್ರ ಮಜುಂದಾರ್ ಅದನ್ನು ಪಡೆದವರು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಆರಂಭವಾಗುವವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳ ವಿದ್ಯಾರ್ಥಿಗಳಿಗೆ ಪದವಿ ದೊರೆಯುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯದಿಂದಲೇ. ಪ್ರೇಮಚಂದರು 1906ರಲ್ಲಿ ಮುಂಬಯಿಯಲ್ಲಿ ದೇಹಬಿಟ್ಟರು. ಅದೇ ವರ್ಷ ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಆದಿನಾಥ ಉಪಾಧ್ಯೆಯವರು ಹುಟ್ಟಿದರು. ಮುಂದೆ ಪ್ರಾಕೃತ ಗ್ರಂಥಗಳನ್ನು ಶೋಧಿಸಿ ಸಂಪಾದಿಸಿದ ಆ ಪಂಡಿತರು ಎಂ.ಎ. ಪದವಿಯನ್ನು ಪಡೆದದ್ದು ಆ ವಿಶ್ವವಿದ್ಯಾಲಯದಿಂದ.