ಎಂಬತ್ತು ಅಡಿಗೆ ಒಪ್ಪಿಕೊಂಡವರು

ನಮ್ಮ ಮಂಡ್ಯ ಕಡೆಯವರಿಗೆ ಒಂದು ಚಟ ಇದೆ. ಎಲ್ಲೇ ಇರಲಿ, ಮಳೆಗಾಲದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನೋಡುತ್ತೇವೆ. ಪೂರ್ತಿ ಮಟ್ಟ 124.80 ಅಡಿ. ಇವತ್ತು ಎಷ್ಟಾಯಿತು, ಒಳಹರಿವು ಎಷ್ಟು, ನಾಲೆಗೆ ಬಿಟ್ಟರಾ? ನಾನು ವಿಶಾಖಪಟ್ಟಣಕ್ಕೆ ಬಂದು ಹನ್ನೊಂದು ವರ್ಷವಾಯಿತು, ಚಟ ಬಿಟ್ಟಿಲ್ಲ. ಊರಿನಲ್ಲಿ ನಮ್ಮ ಗದ್ದೆಗೆ ಬರುವುದು ವಿಶ್ವೇಶ್ವರಯ್ಯ ನಾಲೆಯ ನೀರು. ಅವ್ವ ಈಗಲೂ ಅಲ್ಲೇ ಇದ್ದಾಳೆ.

ದಿನವೂ ಕಟ್ಟೆಯ ಮಟ್ಟ ನೋಡುವ ನಾನು ಮನೆಯೊಳಗಿನ ಒಂದು ಮಟ್ಟವನ್ನು ನೋಡಿರಲಿಲ್ಲ. ಮಗಳಿಗೆ ಹತ್ತು ವರ್ಷ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಶಾಲೆಯಲ್ಲಿ ತೆಲುಗು ಬರೆಯುತ್ತಾಳೆ. ಕನ್ನಡ ಓದಲು ಬಾರದು. ಪ್ರತಿ ಯುಗಾದಿಗೂ ಈ ವರ್ಷ ಕಲಿಸಿಬಿಡಬೇಕು ಎಂದುಕೊಳ್ಳುವುದು, ಬೇವು ಬೆಲ್ಲ ತಿನ್ನುವುದು, ಮರೆಯುವುದು. ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಯಾರೋ ಒಂದು ಲಗ್ನಪತ್ರಿಕೆ ಕೊಟ್ಟುಹೋದರು. ಅವ್ವನ ಕನ್ನಡಕ ಒಳಗೆಲ್ಲೋ ಇತ್ತು. ಮೊಮ್ಮಗಳ ಕೈಗೆ ಕೊಟ್ಟು ಮುಹೂರ್ತ ಎಷ್ಟು ಗಂಟೆಗೆ ನೋಡು ಎಂದಳು. ಮಗಳು ತೆಲುಗಿನ ಅಂದಾಜಿನ ಮೇಲೆ ಎರಡು ಮೂರು ಅಕ್ಷರ ಓದಿ ನಿಂತುಬಿಟ್ಟಳು. ಅವ್ವ ಏನೂ ಅನ್ನಲಿಲ್ಲ. ಪತ್ರಿಕೆ ವಾಪಸ್ ತೆಗೆದುಕೊಂಡು ಪಕ್ಕದ ಮನೆಯ ಹುಡುಗನನ್ನು ಕರೆದಳು.

ಸೆಪ್ಟೆಂಬರ್ 15 ಇಂಜಿನಿಯರುಗಳ ದಿನ. ಈ ಸಲ ವಿಜಯವಾಡದ ನಮ್ಮ ಕಚೇರಿಯಲ್ಲಿ ವಿಶ್ವೇಶ್ವರಯ್ಯನವರ ಬಗ್ಗೆ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು, ಇರುವ ಒಬ್ಬನೇ ಕನ್ನಡಿಗ ಎಂಬ ಕಾರಣಕ್ಕೆ. ಆದರೆ ಇಲ್ಲಿಯವರಿಗೂ ಎಂ.ವಿ. ಹೊರಗಿನವರಲ್ಲ. ಅವರ ಹೆಸರಿನ ಮೊದಲಿಗಿರುವ ಮೋಕ್ಷಗುಂಡಂ ಆಂಧ್ರದ ಗಿದ್ದಲೂರು ಕಡೆಯ ಊರು, ಅವರ ಪೂರ್ವಿಕರದು. ವಿಶಾಖಪಟ್ಟಣದ ಬಂದರನ್ನು ಕಡಲ ಕೊರೆತದಿಂದ ಉಳಿಸಲು ದಾರಿ ತೋರಿದವರ ಸಾಲಿನಲ್ಲಿ ಇಲ್ಲಿಯ ಜನ ಅವರ ಹೆಸರನ್ನೂ ಹೇಳುತ್ತಾರೆ. ರೈಲಿನ ಸದ್ದು ಕೇಳಿಯೇ ಹಳಿ ಮುರಿದದ್ದನ್ನು ಹೇಳಿದ ಕಥೆ, ಎರಡು ಮೋಂಬತ್ತಿಯ ಕಥೆ ಎಲ್ಲರ ಫೋನಿನಲ್ಲೂ ಇವೆ. ಅವನ್ನು ಬಿಟ್ಟು, ಆಸೆಯನ್ನು ಈ ಮನುಷ್ಯ ಕೆಲಸವಾಗಿ ಹೇಗೆ ಬದಲಾಯಿಸುತ್ತಿದ್ದರು ಎನ್ನುವುದನ್ನಷ್ಟೇ ಹುಡುಕಿಕೊಂಡು ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಓದುತ್ತಾ ಹೋದೆ. ಲಗ್ನಪತ್ರಿಕೆ ತಲೆಯಲ್ಲಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

1861ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ಹುಟ್ಟು. ತಂದೆ ಸಂಸ್ಕೃತ ಬಲ್ಲವರು, ಹುಡುಗ ಶಾಲೆಯಲ್ಲಿರುವಾಗಲೇ ತೀರಿಕೊಂಡರು. ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜು ಸೇರಿ, ದೊಡ್ಡ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ಖರ್ಚು ನಿಭಾಯಿಸಿದರು. 1881ರಲ್ಲಿ ಬಿ.ಎ. ಆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಹೋಗಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ, ಮರುವರ್ಷ ಮುಂಬಯಿ ಲೋಕೋಪಯೋಗಿ ಇಲಾಖೆ ಸೇರಿದರು.

ಆ ಮೊದಲ ವರ್ಷದ ಒಂದು ಘಟನೆ ನನಗೆ ಬಹಳ ಹಿಡಿಸಿತು. ಖಾನ್‌ದೇಶದ ಧುಳೆ ಭಾಗದಲ್ಲಿ, ದಾತರ್ತಿ ಎಂಬ ಹಳ್ಳಿಯ ಬಳಿ ಪಾಂಜರಾ ನದಿಗೆ ಅಡ್ಡವಾಗಿ ಪೈಪಿನ ಸೈಫನ್ ಹಾಕಬೇಕಿತ್ತು. ಮಳೆ ಹಿಡಿಯಿತು. ಮಳೆ ನಿಲ್ಲುವವರೆಗೆ ಕೆಲಸ ಮುಂದಕ್ಕೆ ಹಾಕೋಣ ಎಂದು ಇಪ್ಪತ್ತಮೂರರ ಈ ಹುಡುಗ ಮೇಲಧಿಕಾರಿಗೆ ಬರೆದರು. ಹೇಳಿದ ಕೆಲಸ ಮಾಡಲು ಒಪ್ಪುತ್ತಿಲ್ಲ ಎಂಬ ಅರ್ಥದ ಖಾರವಾದ ಉತ್ತರ ಬಂತು. ಎಂ.ವಿ. ವಾದಕ್ಕೆ ಹೋಗಲಿಲ್ಲ. ಮಳೆಯಲ್ಲೇ ಕೆಲಸ ಹಿಡಿದರು. ಒಮ್ಮೆಯಂತೂ ಹೊಳೆ ತುಂಬಿ, ಈಜಿ ದಾಟಬೇಕಾಯಿತು. ಕೆಲಸ ಮುಗಿಯಿತು, ಅಧಿಕಾರಿ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಮುಂದೆ ದಿನಾಂಕದ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬರಿಲ್ಲ ಎನ್ನಿಸಿಕೊಂಡವರು ಶುರುವಿನಲ್ಲಿ ಕೇಳಿದ್ದು ವಾಯಿದೆ ಎಂಬುದು ನನಗೆ ಸ್ವಲ್ಪ ಧೈರ್ಯ ಕೊಟ್ಟಿತು!

ಹತ್ತು ವರ್ಷದ ನಂತರ ಸಿಂಧ್‌ನ ಸಕ್ಕರ್ ಊರಿಗೆ ಕುಡಿಯುವ ನೀರು ಕೊಡುವ ಕೆಲಸ. ಸಿಂಧೂ ನದಿಯ ನೀರು ಕೆಸರು. ಶೋಧಿಸುವ ತೊಟ್ಟಿ ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. ಇವರು ನದಿಯ ಪಾತ್ರದ ಮರಳಿನಲ್ಲೇ ಬಾವಿ ತೋಡಿಸಿ, ಮರಳೇ ನೀರನ್ನು ಸೋಸುವ ಹಾಗೆ ಮಾಡಿದರು. ಅಳೆದದ್ದು ಪುರಸಭೆಯ ಜೇಬನ್ನು ಮತ್ತು ಜನರ ಬಾಯಾರಿಕೆಯನ್ನು, ಉಳಿದದ್ದು ಆಮೇಲೆ. ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದ್ದೂ ಹೀಗೆಯೇ. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವ ಉಪಾಯ ಅದು.

1908ರಲ್ಲಿ ಮುಂಬಯಿ ಕೆಲಸ ಬಿಟ್ಟು ಯುರೋಪ್ ಪ್ರವಾಸ ಹೋದರು. ಆ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಕರೆ ಬಂತು. ಊರನ್ನು ಮತ್ತೆ ಮುಳುಗದ ಹಾಗೆ ಮಾಡಿ ಎಂಬುದು ಕೋರಿಕೆ. ಎಂ.ವಿ. ಊರೊಳಗಿನ ಹೊಳೆಯನ್ನಷ್ಟೇ ನೋಡಿ ವರದಿ ಬರೆಯಲಿಲ್ಲ. ಮೇಲಿನ ಜಲಾನಯನ ಪ್ರದೇಶದಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಕೆರೆ ಒಡೆದವು ಎಂದು ಲೆಕ್ಕ ತೆಗೆದರು. ಒಡೆದ ಕೆರೆಗಳೇ ಇನ್ನೂರಕ್ಕೂ ಹೆಚ್ಚು. ಆ ಲೆಕ್ಕದಿಂದ ಊರಿನ ಮೇಲ್ಭಾಗದಲ್ಲಿ ಎರಡು ಜಲಾಶಯಗಳ ಸಲಹೆ ಬಂತು. ಅವೇ ಮುಂದೆ 1920ರ ದಶಕದ ಹೊತ್ತಿಗೆ ಎದ್ದ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ.

ಇದನ್ನು ಓದುವಾಗ ನಾನು ಪುಸ್ತಕ ಮುಚ್ಚಿಟ್ಟೆ. 2024ರ ಸೆಪ್ಟೆಂಬರ್ ಮೊದಲ ವಾರ ನಾನು ವಿಜಯವಾಡದಲ್ಲೇ ಇದ್ದೆ. ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ಸ್ ದಾಟಿ ಹರಿಯಿತು. ನಾವೆಲ್ಲ ಫೋನು ಹಿಡಿದು ಬ್ಯಾರೇಜಿನ ಅಂಕಿಯನ್ನೇ ಕಾಯುತ್ತಿದ್ದೆವು. ಊರಿನ ಸಿಂಗ್ ನಗರ ಮತ್ತು ಸುತ್ತಲಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ಬುಡಮೇರು ಎಂಬ ಸಣ್ಣ ಹಳ್ಳದಿಂದ. ಸಹೋದ್ಯೋಗಿಯೊಬ್ಬರು ಮಹಡಿ ಮೇಲೆ ಎರಡು ರಾತ್ರಿ ಕಳೆದರು. ನಮ್ಮಲ್ಲಿ ಒಬ್ಬರ ಫೋನಿನಲ್ಲೂ ಬುಡಮೇರಿನ ಮಟ್ಟ ಇರಲಿಲ್ಲ.

1909ರಲ್ಲಿ ಮೈಸೂರು ಸಂಸ್ಥಾನ ಮುಖ್ಯ ಇಂಜಿನಿಯರ್ ಆಗಿ ಬನ್ನಿ ಎಂದಾಗ ಎಂ.ವಿ. ತಕ್ಷಣ ಒಪ್ಪಲಿಲ್ಲ. ತಾಂತ್ರಿಕ ಶಿಕ್ಷಣ, ಕೈಗಾರಿಕೆ ಇವುಗಳ ಬಗ್ಗೆ ಸಂಸ್ಥಾನಕ್ಕೆ ನಿಜವಾದ ಉದ್ದೇಶ ಉಂಟೇ ಎಂದು ಮೊದಲು ಕೇಳಿ ತಿಳಿದುಕೊಂಡರು. ಹುದ್ದೆ ಕೇಳುವ ಮೊದಲು ಕೆಲಸ ಎಷ್ಟಿದೆ ಎಂದು ಕೇಳಿದವರನ್ನು ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಕಂಡಿಲ್ಲ.

ಬಂದ ಮೇಲೆ ಕನ್ನಂಬಾಡಿ. ಕಾವೇರಿಗೆ 124 ಅಡಿ ಎತ್ತರದ ಕಟ್ಟೆ ಕಟ್ಟಿ 41.5 ಟಿಎಂಸಿ ನೀರು ನಿಲ್ಲಿಸಬೇಕು ಎಂಬುದು ಆಸೆ. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದ ವಿದ್ಯುತ್ ನಿಲ್ಲದೆ ಹೋಗಬೇಕು, ಮಂಡ್ಯದ ಒಣ ಹೊಲಕ್ಕೆ ನೀರು ಬರಬೇಕು. ಆದರೆ ಕೆಳಗಿನ ಮದರಾಸು ಸರ್ಕಾರ ಒಪ್ಪಬೇಕಲ್ಲ? ಅದು ಒಪ್ಪಿದ್ದು ಸುಮಾರು 11 ಟಿಎಂಸಿಗೆ. ಎಂ.ವಿ. ಕೆಲಸವನ್ನು ಎರಡು ಹಂತ ಮಾಡಿದರು. ಮೊದಲ ಹಂತದಲ್ಲಿ 80 ಅಡಿ. 1911ರ ಕೊನೆಗೆ ಕೆಲಸ ಶುರುವಾಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆ, ಹತ್ತು ಸಾವಿರದಷ್ಟು ಕೂಲಿಯವರು. ಆದರೆ ಅಡಿಪಾಯವನ್ನು ಮಾತ್ರ ಅವರು ಚಿಕ್ಕ ಕಟ್ಟೆಗೆ ಬೇಕಾದಷ್ಟಕ್ಕೆ ನಿಲ್ಲಿಸಲಿಲ್ಲ. ಪೂರ್ತಿ ಎತ್ತರದ ಕಟ್ಟೆಯನ್ನು ಹೊರುವ ಹಾಗೆ 111 ಅಡಿ ಅಗಲಕ್ಕೇ ಹಾಕಿಸಿದರು.

ಊರಿನಲ್ಲಿ ಇದನ್ನು ನಾವು ಎದೆಯುಬ್ಬಿಸಿ ಹೇಳುತ್ತೇವೆ. ನನ್ನ ಪಕ್ಕದ ಮೇಜಿನ ತಂಜಾವೂರಿನ ಗೆಳೆಯ ಹಾಗೆ ಹೇಳುವುದಿಲ್ಲ. ಒಪ್ಪಿಗೆ ಒಂದಕ್ಕೆ, ಅಡಿಪಾಯ ಇನ್ನೊಂದಕ್ಕೆ ಎಂಬುದು ಅವನ ದೂರು, ಆಗ ಮದರಾಸಿನ ದೂರೂ ಅದೇ. ಪಂಚಾಯಿತಿ ನಡೆಯಿತು, ಮೇಲ್ಮನವಿ ಆಯಿತು. ಕೊನೆಗೆ 1924ರ ಒಪ್ಪಂದದಲ್ಲಿ ಪೂರ್ತಿ ಕಟ್ಟೆಗೆ ಒಪ್ಪಿಗೆ ಸಿಕ್ಕಿತು. ಆ ಹೊತ್ತಿಗೆ ಎಂ.ವಿ. ದಿವಾನಗಿರಿ ಬಿಟ್ಟು ಆರು ವರ್ಷವಾಗಿತ್ತು. ಕಟ್ಟೆ ಮುಗಿದದ್ದು 1930ರ ದಶಕದ ಶುರುವಿನಲ್ಲಿ. ಹಳೆಯ ಕನ್ನಂಬಾಡಿ ಊರು, ಅದರ ವೇಣುಗೋಪಾಲಸ್ವಾಮಿ ಗುಡಿ ನೀರಿನಡಿ ಹೋದವು. ಸಾವಿರಾರು ಜನ ಮನೆ ಬಿಟ್ಟರು. 124.80 ಎಂಬ ಅಂಕಿಯಲ್ಲಿ ಅವರ ಲೆಕ್ಕ ಎಲ್ಲೂ ಕಾಣುವುದಿಲ್ಲ.

1912ರಿಂದ 1918ರವರೆಗೆ ದಿವಾನರು. ಮೈಸೂರು ಬ್ಯಾಂಕು, ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾಲಯ ಎಲ್ಲರಿಗೂ ಗೊತ್ತಿರುವವು. ನನಗೆ ಹೆಚ್ಚು ಬೇಕಾದದ್ದು 1911ರಲ್ಲೇ ಶುರುವಾದ ಆರ್ಥಿಕ ಸಮ್ಮೇಳನ. ಹೆಸರು ಸಮ್ಮೇಳನ, ಕೆಲಸ ಬೇರೆ. ಕೃಷಿಗೆ, ಶಿಕ್ಷಣಕ್ಕೆ, ಕೈಗಾರಿಕೆ ವ್ಯಾಪಾರಕ್ಕೆ ಒಂದೊಂದು ಸಮಿತಿ, ಅವುಗಳ ಕೆಳಗೆ ಜಿಲ್ಲೆಯಲ್ಲಿ, ತಾಲ್ಲೂಕಿನಲ್ಲಿ ಸಮಿತಿಗಳು. ಈ ವರ್ಷ ಏನು ಮಾಡುತ್ತೇವೆ ಎಂದು ಬರೆಯುವುದು, ಮುಂದಿನ ವರ್ಷ ಅದರಲ್ಲಿ ಎಷ್ಟಾಯಿತು ಎಂದು ಎಲ್ಲರ ಮುಂದೆ ಓದುವುದು. ಅವರು ಬಂದಾಗ ಸುಮಾರು 4,500 ಇದ್ದ ಶಾಲೆಗಳು ಹೋಗುವಾಗ ಸುಮಾರು 10,500 ಆಗಿದ್ದವು.

ಹೋದದ್ದು ಬೇಸರದಿಂದ. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ವಿಚಾರಕ್ಕೆ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆ ಕೆಡುತ್ತದೆ ಎಂಬುದು ಎಂ.ವಿ. ನಿಲುವು, ಹುದ್ದೆ ಬಿಟ್ಟರು. ನಾನು ಇಲ್ಲಿ ಅವರ ಜೊತೆ ಇಲ್ಲ. ನಮ್ಮ ಅಪ್ಪನಂಥವರು ಓದಿ ಕೆಲಸಕ್ಕೆ ಸೇರಿದ್ದು ಆ ಬದಲಾವಣೆ ತೆರೆದ ಬಾಗಿಲಿನಿಂದ. ಸಾವಿರಾರು ಶಾಲೆ ತೆರೆಸಿದವರೇ ಅರ್ಹತೆಯನ್ನು ಪರೀಕ್ಷೆಯ ಅಂಕದಲ್ಲಿ ಮಾತ್ರ ಅಳೆದರಲ್ಲ ಎಂದು ಈಗಲೂ ಅನ್ನಿಸುತ್ತದೆ. ಇದನ್ನು ಕಚೇರಿಯ ಭಾಷಣದಲ್ಲೂ ಹೇಳಿದೆ, ಮುಂದಿನ ಸಾಲಿನ ಇಬ್ಬರಿಗೆ ಹಿಡಿಸಲಿಲ್ಲ.

ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಬಿದ್ದು ನಷ್ಟದಲ್ಲಿದ್ದ ಭದ್ರಾವತಿ ಕಾರ್ಖಾನೆಯನ್ನು 1923ರಿಂದ 1929ರವರೆಗೆ ಅಧ್ಯಕ್ಷರಾಗಿ ನಡೆಸಿದರು. 1934ರಲ್ಲಿ ದೇಶದ ವರಮಾನವನ್ನು ಹತ್ತು ವರ್ಷದಲ್ಲಿ ಎರಡು ಪಟ್ಟು ಮಾಡುವ ಯೋಜನೆಯನ್ನು ಪುಸ್ತಕವಾಗಿ ಬರೆದರು. ಸರ್ಕಾರ ಕೈಗೆತ್ತಿಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ಕಾರು ಕಾರ್ಖಾನೆ ಆಗಬೇಕೆಂದು ಎಪ್ಪತ್ತು ದಾಟಿದ ಮೇಲೆ ಯುರೋಪು, ಅಮೆರಿಕ ಸುತ್ತಿ ಅಂದಾಜುಪಟ್ಟಿ ತಂದರು. ಕಾರ್ಖಾನೆ ಬರಲೇ ಇಲ್ಲ. ಅಂದರೆ, ಅವರ ಪಟ್ಟಿಯಲ್ಲೂ ಹೊಡೆದು ಹಾಕದೆ ಉಳಿದ ಸಾಲುಗಳಿದ್ದವು. ತೊಂಬತ್ತು ದಾಟಿದ ಮೇಲೆ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಲು ಬಿಹಾರಕ್ಕೆ ಹೋದರು, ಮೊಕಾಮಾ ಬಳಿಯ ಜಾಗ ಗೊತ್ತುಮಾಡಿದರು. 1955ರಲ್ಲಿ ಭಾರತರತ್ನ. ನೂರು ತುಂಬಿಸಿ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ವಿಜಯವಾಡದಿಂದ ಬಂದ ವಾರ, ಸೆಪ್ಟೆಂಬರ್ 22ಕ್ಕೆ, ಒಂದು ಹಳೆಯ ಡೈರಿ ತೆಗೆದೆ. ಮಗಳಿಗೆ ಕನ್ನಡ ಕಲಿಸಬೇಕು ಎಂದು ಬರೆಯಲಿಲ್ಲ, ಅದನ್ನು ಆರು ಯುಗಾದಿ ಬರೆದಾಗಿದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಮಂಡ್ಯ ಬಸ್ ನಿಲ್ದಾಣದಲ್ಲಿ ಹತ್ತು ಬೋರ್ಡು ಓದಬೇಕು ಎಂದು ಬರೆದೆ. ದಿನಕ್ಕೆ ಹದಿನೈದು ನಿಮಿಷ. ನಮ್ಮ ಎಂಬತ್ತು ಅಡಿ ಅಷ್ಟೇ. ಆದರೆ ಬೋರ್ಡಿಗೆ ಬೇಕಾದ ಅಕ್ಷರ ಮಾತ್ರ ಕಲಿಸುವುದು ಬೇಡ, ವರ್ಣಮಾಲೆ ಪೂರ್ತಿ, ಒತ್ತಕ್ಷರ ಸಮೇತ ಎಂದು ಹೆಂಡತಿ ಹೇಳಿದಳು. ಅವಳಿಗೆ ನಾನು 111 ಅಡಿಯ ಕಥೆ ಹೇಳಿರಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ 61 ದಿನ. 41 ದಿನ ಪಾಠ ಆಗಿದೆ, 20 ದಿನ ತಪ್ಪಿದೆ. ತಪ್ಪಿದ್ದರಲ್ಲಿ 13 ನನ್ನವು, ಮೀಟಿಂಗು ಮತ್ತು ಸೋಮಾರಿತನ. ತುಫಾನಿಗೆ ಶಾಲೆಗೆ ರಜೆ ಕೊಟ್ಟ ದಿನ ಮಾತ್ರ ಅವಳೇ ಕೂತು ಎರಡು ಪಾಠ ಮುಗಿಸಿದಳು. ತೆಲುಗು ಬರುವುದರಿಂದ ಅರ್ಧ ಅಕ್ಷರ ಪುಕ್ಕಟೆ. ಕ, ತ, ಶ ಮಾತ್ರ ಕಾಡಿದವು. ಮಂಡ್ಯ, ಮದ್ದೂರು, ಮಳವಳ್ಳಿ, ಪಾಂಡವಪುರ ಈಗ ತಡೆಯಿಲ್ಲದೆ ಓದುತ್ತಾಳೆ. ಶ್ರೀರಂಗಪಟ್ಟಣಕ್ಕೆ ಬಂದರೆ ಶುರುವಿನಲ್ಲೇ ನಿಲ್ಲುತ್ತಾಳೆ. ಆ ಲಗ್ನಪತ್ರಿಕೆಯನ್ನು ಅವ್ವ ಗೋಡೆಯ ಮೊಳೆಗೆ ಸಿಕ್ಕಿಸಿದ್ದು ನೆನಪಿದೆ, ಇನ್ನೂ ಅಲ್ಲೇ ಇರಬಹುದು. ಡೈರಿಯ ವಿಷಯ ಅವಳಿಗೆ ಹೇಳಿಲ್ಲ.