ವಕೀಲಿ ಬಿಟ್ಟು ಬೀಗ ಹಿಡಿದ ಅರ್ದೇಶಿರ್

ನಾಗಸಂದ್ರದಲ್ಲಿ ರಾತ್ರಿ ಶಟರ್ ಎಳೆದು ಬೀಗ ಹಾಕಿದವರು ಎರಡು ಸಲ ಜಗ್ಗಿ ನೋಡದೆ ಬಸ್ ಹತ್ತೋದಿಲ್ಲ. ಮನೆಗೆ ಹೋದರೆ ಅಲ್ಲೊಂದು ಕಬ್ಬಿಣದ ಬೀರು. ಯಾವ ಕಂಪೆನಿಯದಾದರೂ ನಮ್ಮ ಜನಕ್ಕೆ ಅದು ಗೋದ್ರೇಜ್ ಬೀರುವೇ! ಆ ಹೆಸರಿನ ಮೂಲಪುರುಷ ಅರ್ದೇಶಿರ್ ಗೋದ್ರೇಜ್.

1868ರಲ್ಲಿ ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿದ ಅರ್ದೇಶಿರ್ ಓದಿದ್ದು ಕಾನೂನು. ಕೇಸಿಗಾಗಿ ಆಫ್ರಿಕದ ಜಂಜಿಬಾರ್‌ಗೆ ಹೋದಾಗ ಕಕ್ಷಿಗಾರನ ಸಲುವಾಗಿ ಸತ್ಯ ತಿರುಚಲು ಮನಸ್ಸೊಪ್ಪದೆ ವಕೀಲಿಗೇ ಕೈಮುಗಿದರು. ಆಮೇಲೆ ಸಾಲ ಮಾಡಿ ಆಪರೇಷನ್ ಸಲಕರಣೆ ತಯಾರಿಸಿದರು. ಕೊಳ್ಳುವವರು ಮಾಲು ಮೆಚ್ಚಿದರು, ಭಾರತದಲ್ಲಿ ತಯಾರಾದದ್ದೆಂಬ ಗುರುತು ಮಾತ್ರ ಬೇಡವೆಂದರು. ಅರ್ದೇಶಿರ್ ಬಗ್ಗಲಿಲ್ಲ. ವ್ಯಾಪಾರ ಮುಳುಗಿತು.

ಅಷ್ಟರಲ್ಲಿ ಮುಂಬಯಿಯಲ್ಲಿ ಕಳ್ಳತನದ ಸುದ್ದಿ. ಅದನ್ನೋದಿದ ಅರ್ದೇಶಿರ್ 1897ರಲ್ಲಿ ಅಲ್ಲಿಯ ಲಾಲ್‌ಬಾಗ್‌ನ ಷೆಡ್ಡೊಂದರಲ್ಲಿ ಬೀಗದ ಕೆಲಸ ಶುರು ಮಾಡಿದರು. ವಿಲಾಯತಿ ಬೀಗವೇ ಭದ್ರ ಅನ್ನೋ ಕಾಲ ಅದು. ಆದರೆ ಆ ಭದ್ರತೆಯ ಬಣ್ಣ 1851ರಲ್ಲೇ ಬಯಲಾಗಿತ್ತು. ಅಮೆರಿಕದ ಹಾಬ್ಸ್ ಎಂಬಾತ ಲಂಡನ್ನಿನಲ್ಲಿ ಹೆಸರಾಂತ ಚಬ್ ಬೀಗವನ್ನು ಬೀಗದ ಕೈ ಇಲ್ಲದೆ 25 ನಿಮಿಷದಲ್ಲಿ ತೆಗೆದಿದ್ದ. ಬ್ರಾಮಾ ಬೀಗಕ್ಕೆ 51 ಗಂಟೆ ಹಿಡಿಯಿತು, ಅದೂ ಬಿಚ್ಚಿತು! ಬೀಗ ಬಿಡಿಸುವುದನ್ನೇ ಹವ್ಯಾಸ ಮಾಡಿಕೊಂಡವರು ಇಂದಿಗೂ ಅವನನ್ನು ನೆನೆಯುತ್ತಾರೆ.

ಅರ್ದೇಶಿರ್ ಬೀಗದ ಒಳಗನ್ನೇ ತಿದ್ದಿದರು. ಲಿವರ್ ಬೀಗದಲ್ಲಿ ಸ್ಪ್ರಿಂಗ್ ಮುರಿದರೆ ಒಡೆಯನ ಬೀಗದ ಕೈಯೇ ತಿರುಗದೆ ಹೋಗಬಹುದು. ಅವರು ಸ್ಪ್ರಿಂಗೇ ಇಲ್ಲದ ಬೀಗ ಮಾಡಿ ಪೇಟೆಂಟ್ ಪಡೆದರು. ತಿಜೋರಿಯನ್ನೂ ತಯಾರಿಸಿದರು. 1921ರಲ್ಲಿ ತಿಲಕ್ ಸ್ವರಾಜ್ ನಿಧಿಗೆ 3 ಲಕ್ಷ ರೂಪಾಯಿ ಕೊಟ್ಟ ಈ ಸ್ವದೇಶಿ ವ್ಯಾಪಾರಿ 1936ರಲ್ಲಿ ತೀರಿಕೊಂಡರು.

ಸುಳ್ಳಿಗೆ ಒಪ್ಪದೆ ಎರಡು ಕಸುಬು ಕಳಕೊಂಡವರ ಹೆಸರನ್ನು ನಂಬಿಯೇ ಇಂದೂ ಎಷ್ಟೋ ಅಂಗಡಿಯವರು ನಿದ್ದೆ ಮಾಡ್ತಾರೆ.