ಕಿವಿಯಲ್ಲಿ ವಿದ್ಯುತ್ ಹರಿಸಿದ ವೋಲ್ಟಾ

ಮಕ್ಕಳೇ, ಟಾರ್ಚಿಗೆ ಹಾಕುವ ಸೆಲ್ಲಿನ ಮೇಲೆ 1.5 ವೋಲ್ಟ್ ಎಂದು ಬರೆದಿರುವುದನ್ನು ನೋಡಿದ್ದೀರಲ್ಲವೇ? ವಿದ್ಯುತ್ತಿನ ಈ ಅಳತೆಗೆ ಆ ಹೆಸರು ಬಂದದ್ದು ಅಲೆಸ್ಸಾಂಡ್ರೊ ವೋಲ್ಟಾ ಎಂಬ ವಿಜ್ಞಾನಿಯಿಂದ.

ವೋಲ್ಟಾ 1745ರ ಫೆಬ್ರವರಿ 18ರಂದು ಇಟಲಿಯ ಕೋಮೊ ಪಟ್ಟಣದಲ್ಲಿ ಹುಟ್ಟಿದರು. ನಾಲ್ಕು ವರ್ಷವಾದರೂ ಮಾತು ಬರಲಿಲ್ಲ. ಹುಡುಗ ದಡ್ಡನೆಂದು ಮನೆಯವರು ಚಿಂತೆಪಟ್ಟರು. ಆದರೆ ಏಳು ವರ್ಷದ ಹೊತ್ತಿಗೆ ಅವನು ಓರಗೆಯವರನ್ನು ಸರಿಗಟ್ಟಿದ್ದ. ಮುಂದೆ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದ.

ಲೋಹ ತಗುಲಿದಾಗ ಸತ್ತ ಕಪ್ಪೆಯ ಕಾಲು ಅದುರುವುದನ್ನು ಗ್ಯಾಲ್ವನಿ ಎಂಬ ವಿಜ್ಞಾನಿ ಕಂಡಿದ್ದರು. ಆ ವಿದ್ಯುತ್ ಕಪ್ಪೆಯದೇ ಎಂದು ಅವರು ತಿಳಿದರು. ವೋಲ್ಟಾ ಒಪ್ಪಲಿಲ್ಲ. ಎರಡು ಬೇರೆ ಲೋಹಗಳಿಂದಲೇ ವಿದ್ಯುತ್ ಹುಟ್ಟುತ್ತದೆ ಎಂಬುದು ಅವರ ವಾದ. ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟಿನ ತುಂಡುಗಳನ್ನಿಟ್ಟು ಒಂದರ ಮೇಲೊಂದು ಪೇರಿಸಿದರು. 1800ರಲ್ಲಿ ಜಗತ್ತಿಗೆ ತಿಳಿಸಿದ ಈ ಕಂಬವೇ ಮೊದಲ ಬ್ಯಾಟರಿ.

ವೋಲ್ಟಾ ಅಷ್ಟಕ್ಕೇ ನಿಲ್ಲಲಿಲ್ಲ. ತಮ್ಮ ಎರಡೂ ಕಿವಿಗಳಲ್ಲಿ ಲೋಹದ ಕಡ್ಡಿ ಇಟ್ಟುಕೊಂಡು ಬ್ಯಾಟರಿಗೆ ಜೋಡಿಸಿದರು! ತಲೆಗೆ ಪೆಟ್ಟು ಬಿದ್ದಂತಾಯಿತು. ಬಳಿಕ ಒಲೆಯ ಮೇಲಿನ ಅಂಬಲಿ ಕೊತಕೊತ ಕುದಿಯುವಂಥ ಸದ್ದು ಕೇಳಿಸಿತು. ಅಪಾಯವೆಂದು ತಿಳಿದು ಅವರು ಮತ್ತೆ ಅದನ್ನು ಮಾಡಲಿಲ್ಲ. ನೀವೂ ಎಂದಿಗೂ ಮಾಡಬೇಡಿ. 1827ರ ಮಾರ್ಚ್ 5ರಂದು ಅವರು ತೀರಿಕೊಂಡರು.

ಕಿವಿಗೆ ವಿದ್ಯುತ್ ಕೊಟ್ಟರೆ ಸದ್ದು ಕೇಳಿಸುವುದೆಂಬ ವಿಷಯ ವ್ಯರ್ಥವಾಗಲಿಲ್ಲ. 1957ರಲ್ಲಿ ಪ್ಯಾರಿಸ್ಸಿನ ಜೂರ್ನೊ ಮತ್ತು ಎರಿಯೆಸ್ ಕಿವುಡರೊಬ್ಬರ ಶ್ರವಣ ನರಕ್ಕೆ ವಿದ್ಯುತ್ ಮುಟ್ಟಿಸಿ ಸದ್ದು ಕೇಳಿಸಿದರು. ಮುಂದೆ ಕಾಕ್ಲಿಯರ್ ಇಂಪ್ಲಾಂಟ್ ಬಂತು. ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಭಾಗವೇ ಕಾಕ್ಲಿಯ. ವೈದ್ಯರು ಅದರೊಳಗೆ ತೆಳುವಾದ ತಂತಿಯನ್ನು ನಾಜೂಕಾಗಿ ಸೇರಿಸುತ್ತಾರೆ. ಉಪಕರಣ ಜಾರಿದರೆ ತಂತಿಯೂ ಹೊರಬರಬಹುದು. ಆದ್ದರಿಂದ ಕಿವಿಯ ಹಿಂದಿನ ಮೂಳೆಯಲ್ಲಿ ಸಣ್ಣ ತಗ್ಗು ಕೊರೆದೋ, ಮೂಳೆಯ ಹೊದಿಕೆಯ ಕೆಳಗೆ ಬಿಗಿಯಾದ ಜೇಬಿನಂಥ ಜಾಗ ಮಾಡಿಯೋ ಅದನ್ನು ಭದ್ರವಾಗಿ ಕೂರಿಸುತ್ತಾರೆ. ಮಿದುಳಿನ ಪೊರೆಗೆ ಸೋಂಕು ತಗಲದಂತೆ ಲಸಿಕೆಯನ್ನೂ ಹಾಕಿಸುತ್ತಾರೆ. ಇಂಥ ಉಪಕರಣವಿರುವ ಗೆಳೆಯರ ತಲೆಗೆ ಆಟದಲ್ಲಿ ಪೆಟ್ಟು ಬೀಳದಂತೆ ನೋಡಿಕೊಳ್ಳಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳೇ, ನಿಮ್ಮ ಓಣಿಯಲ್ಲೂ ಮಾತು ಬಾರದ ಪುಟ್ಟ ಮಗು ಇರಬಹುದು. ಅದನ್ನು ಮೂಗ ಎನ್ನಬೇಡಿ, ದಡ್ಡ ಎನ್ನಬೇಡಿ. ವೋಲ್ಟಾಗೆ ಮಾತು ತಾನಾಗಿ ಬಂತು. ಕಿವಿ ಕೇಳದ ಮಗುವಿಗೆ ಹಾಗೆ ಬರುವುದಿಲ್ಲ. ಕಾಯುತ್ತ ಕೂತರೆ ಮಾತು ಕಲಿಯುವ ವಯಸ್ಸೇ ದಾಟಿಹೋಗುತ್ತದೆ. ಶಾಲೆಗೆ, ಅಂಗನವಾಡಿಗೆ ಆರೋಗ್ಯ ತಪಾಸಣೆಯವರು ಬಂದಾಗ ಆ ಮಗುವನ್ನು ತೋರಿಸುವಂತೆ ಮನೆಯ ಹಿರಿಯರಿಗೆ ಹೇಳಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಮಕ್ಕಳಿಗಾಗಿಯೇ ದುಡಿಯುತ್ತಿದೆ.

ಮಾಡಿ ನೋಡಿ: ಒಂದು ಇಂಡಿ ನಿಂಬೆಹಣ್ಣಿಗೆ ತಾಮ್ರದ ತಂತಿಯನ್ನೂ ಸತು ಲೇಪಿಸಿದ ಮೊಳೆಯನ್ನೂ ಒಂದಕ್ಕೊಂದು ತಾಗದಂತೆ ಚುಚ್ಚಿ. ಶಿಕ್ಷಕರ ಸಹಾಯದಿಂದ ಮೀಟರ್ ಜೋಡಿಸಿ. ಎಷ್ಟು ವೋಲ್ಟ್ ಬಂತು? ಬರೆದುಕೊಳ್ಳಿ.